ಅಣ್ಣನಿಗೆ ಬಂದ ಲಿವರ್ ಕ್ಯಾನ್ಸರ್ ತಮ್ಮನಿಗೂ ಬರುತ್ತಾ? ಜೀನ್ ಪರೀಕ್ಷೆ ಮಾಡಿಸಬೇಕಾ?

ನಡುವಿನವನು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ.

ನಾವು ಮೂರು ಜನ ಅಣ್ಣತಮ್ಮಂದಿರು. ನಾನು ನಡುವಿನವನು. ದೊಡ್ಡಣ್ಣ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡ. ಆಗ ಅವನಿಗೆ 54. ಲಿವರ್ ಕ್ಯಾನ್ಸರ್.

ಅಣ್ಣ ಕುಡಿಯುತ್ತಿದ್ದ. ಮುಚ್ಚಿಡುವುದಿಲ್ಲ. ಮೊದಮೊದಲು ಮಂಡಿ ಬಾಗಿಲು ಹಾಕಿದ ಮೇಲೆ ಒಂದು ನೈಂಟಿ. ಆಮೇಲೆ ದಿನಾ ಒಂದು ಕ್ವಾರ್ಟರ್. ಇಪ್ಪತ್ತು ವರ್ಷ ಹೀಗೇ ನಡೆಯಿತು. ಜಗಳ ಮಾಡಿದವನಲ್ಲ, ಬೀದಿಯಲ್ಲಿ ಬಿದ್ದವನಲ್ಲ. ಕುಡಿದು, ಊಟ ಮಾಡಿ, ಮಲಗುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಮಂಡಿಗೆ ಹೋಗುತ್ತಿದ್ದ. ಅದಕ್ಕೇ ನಾವ್ಯಾರೂ ಅದನ್ನು ಕಾಯಿಲೆ ಅಂದುಕೊಳ್ಳಲಿಲ್ಲ.

ಸಾಯುವುದಕ್ಕೆ ಎರಡು ವರ್ಷ ಮೊದಲು ಒಮ್ಮೆ ಕಾಮಣಿ ಆಯಿತು. ಆಸ್ಪತ್ರೆಗೆ ತೋರಿಸಿದೆವು. ರಕ್ತ ನೋಡಿದರು, ಹೊಟ್ಟೆ ಸ್ಕ್ಯಾನ್ ಮಾಡಿದರು. ‘ಕುಡಿಯೋದು ಬಿಡಿ’ ಎಂದು ಹೇಳಿ ಕಳಿಸಿದರು. ಮೂರು ತಿಂಗಳು ಬಿಟ್ಟ. ಕಣ್ಣು ಬೆಳ್ಳಗಾಯಿತು, ಹೊಟ್ಟೆ ಹಸಿಯತೊಡಗಿತು. ಹುಷಾರಾದೆ ಎಂದು ಮತ್ತೆ ಶುರು ಮಾಡಿದ. ಒಂದೂವರೆ ವರ್ಷ ಕಳೆಯಿತು. ಒಂದು ದಿನ ಕಾಲು ಬಾತುಕೊಂಡಿತು, ಹೊಟ್ಟೆ ತುಂಬಾ ನೀರು. ಸಿಟಿ ಸ್ಕ್ಯಾನ್‌ನಲ್ಲಿ 7 ಸೆಂಟಿಮೀಟರ್ ಗಡ್ಡೆ ಕಂಡಿತು. ಲಿವರಿಗೆ ಹೋಗುವ ದೊಡ್ಡ ರಕ್ತನಾಳದೊಳಗೂ ನುಗ್ಗಿತ್ತು. ಆಪರೇಷನ್ ಆಗುವುದಿಲ್ಲ ಎಂದರು. ನಾಲ್ಕು ತಿಂಗಳು ಇದ್ದ.

ತಿಥಿಗೆ ಬಂದವರು ‘ಕುಡಿದು ಸತ್ತ’ ಎಂದು ಮಾತಾಡಿಕೊಂಡು ಊಟ ಮಾಡಿ ಹೋದರು. ಅತ್ತಿಗೆ ಅಡುಗೆಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಈಗ ನನ್ನ ಪ್ರಶ್ನೆ. ತಮ್ಮನಿಗೆ 46. ಅವನೂ ಕುಡಿಯುತ್ತಾನೆ, ಅಣ್ಣನಷ್ಟೇ. ಬಿಡು ಎಂದರೆ ನಮ್ಮ ಸೋದರಮಾವನನ್ನು ತೋರಿಸುತ್ತಾನೆ. ಮಾವ ಹರಿಹರದಲ್ಲಿದ್ದಾರೆ, 81 ವರ್ಷ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸುವ ತನಕ ಸಾರಾಯಿ ಕುಡಿದರು, ಆಮೇಲೆ ವಿಸ್ಕಿ. ಈಗಲೂ ತುಂಗಭದ್ರೆ ದಂಡೆವರೆಗೆ ನಡೆದು ಬರುತ್ತಾರೆ. ‘ನನ್ನದು ಮಾವನ ರಕ್ತ, ನಂಗೇನೂ ಆಗಲ್ಲ’ ಅನ್ನುತ್ತಾನೆ ತಮ್ಮ.

ಮೊನ್ನೆ ಫೋನಿನಲ್ಲಿ ಒಂದು ಜಾಹೀರಾತು ಬಂತು. ಎಂಜಲು ಕಳಿಸಿದರೆ ಜೀನ್ ನೋಡಿ ಯಾವ ಕಾಯಿಲೆ ಬರುತ್ತದೆ ಎಂದು ಹೇಳುತ್ತಾರಂತೆ. ಸಾವಿರಾರು ರೂಪಾಯಿ. ಮಾಡಿಸಿದರೆ ತಮ್ಮನಿಗೆ ಲಿವರ್ ಕ್ಯಾನ್ಸರ್ ಬರುತ್ತದೋ ಇಲ್ಲವೋ ಗೊತ್ತಾಗುತ್ತಾ? ತಿಳಿದವರು ದಯವಿಟ್ಟು ಹೇಳಿ.

ಕೆರೆ ಏರಿ, ದಾವಣಗೆರೆ

ಓದಿ ತುಂಬಾ ಬೇಜಾರಾಯಿತು ಅಣ್ಣಾ. ನಮ್ಮ ಓಣಿಯಲ್ಲೂ ಇದೇ ಕಥೆ. ಎದುರು ಮನೆಯವರು ನಲವತ್ತೆಂಟಕ್ಕೇ ಹೋದರು. ಅವರ ಜೊತೆ ದಿನಾ ಕೂತು ಕುಡಿಯುತ್ತಿದ್ದವರು ಇನ್ನೂ ಓಡಾಡಿಕೊಂಡಿದ್ದಾರೆ. ಒಬ್ಬೊಬ್ಬರ ದೇಹ ಒಂದೊಂದು ಥರ ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಹಾಗೆ ಎಂದು ಯಾರೂ ಹೇಳಿಲ್ಲ. ನಾನೂ ಕಾಯುತ್ತಿರುತ್ತೇನೆ.

ಲ್ಯಾಬ್ ಅಕ್ಕ, ಚಿತ್ರದುರ್ಗ

ನಾನು ಡಾಕ್ಟರ್ ಅಲ್ಲ. 18 ವರ್ಷದಿಂದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಅಪ್ಪನಿಗೂ ಇದೇ ಕಾಯಿಲೆ ಇತ್ತು. ಹಾಗಾಗಿ ಈ ವಿಷಯ ಹುಡುಕಿ ಹುಡುಕಿ ಓದಿದ್ದೇನೆ.

ಮೊದಲು ಮಾವನ ವಿಷಯ. ಅದು ಸುಳ್ಳಲ್ಲ. ವರ್ಷಗಟ್ಟಲೆ ಜಾಸ್ತಿ ಕುಡಿಯುವವರಲ್ಲಿ ಹೆಚ್ಚುಕಮ್ಮಿ ಎಲ್ಲರ ಲಿವರಿಗೂ ಕೊಬ್ಬು ಸೇರುತ್ತದೆ. ಆದರೆ ಲಿವರ್ ಗಟ್ಟಿಯಾಗಿ ಗಂಟುಗಂಟಾಗುವ ಸಿರೋಸಿಸ್ ಬರುವುದು 100 ಜನರಲ್ಲಿ ಸುಮಾರು 10ರಿಂದ 20 ಜನರಿಗೆ. ಲಿವರ್ ಕ್ಯಾನ್ಸರ್ ಬಹುಪಾಲು ಹುಟ್ಟುವುದು ಆ ಗಂಟುಬಿದ್ದ ಲಿವರಿನಲ್ಲೇ. ಸಿರೋಸಿಸ್ ಆದವರಲ್ಲಿ ವರ್ಷಕ್ಕೆ 100ಕ್ಕೆ ಒಬ್ಬರಿಂದ ಮೂವರಿಗೆ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಒಂದೇ ಬಾಟಲಿ, ಒಂದೇ ವರ್ಷಗಳು, ಆದರೂ ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಯಾಕೆ ಎಂಬುದಕ್ಕೆ ಒಂದು ಭಾಗದ ಉತ್ತರ ಜೀನಿನಲ್ಲಿದೆ.

ಅದರಲ್ಲಿ ಮುಖ್ಯವಾದದ್ದು ಪಿಎನ್‌ಪಿಎಲ್‌ಎ3 ಎಂಬ ಜೀನ್. 22ನೇ ಕ್ರೋಮೋಸೋಮಿನಲ್ಲಿದೆ. 2008ರಲ್ಲಿ ಅಮೆರಿಕದ ಡಲ್ಲಾಸಿನ ಸಂಶೋಧಕರು ಇದಕ್ಕೂ ಲಿವರಿನ ಕೊಬ್ಬಿಗೂ ನಂಟಿದೆ ಎಂದು ಕಂಡುಹಿಡಿದರು. 2010ರಲ್ಲಿ ಮೆಕ್ಸಿಕೊ ಜನರಲ್ಲಿ ಮಾಡಿದ ಅಧ್ಯಯನದಲ್ಲಿ ಕುಡಿತದಿಂದ ಬರುವ ಲಿವರ್ ಕಾಯಿಲೆಗೂ ಇದೇ ಜೀನ್ ಕಾರಣಗಳಲ್ಲಿ ಒಂದು ಎಂದು ಗೊತ್ತಾಯಿತು. ಆ ಜೀನಿನಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರದ ವ್ಯತ್ಯಾಸ. ಸಿ ಇರಬೇಕಾದ ಜಾಗದಲ್ಲಿ ಜಿ ಬಂದಿರುತ್ತದೆ. ಅಷ್ಟಕ್ಕೇ ಅದರಿಂದ ತಯಾರಾಗುವ ಪ್ರೋಟೀನಿನ ಸರದಲ್ಲಿ 148ನೇ ಮಣಿ, ಅಂದರೆ ಒಂದು ಅಮೈನೋ ಆಮ್ಲ, ಬದಲಾಗುತ್ತದೆ.

ಏನಾಗುತ್ತದೆ ಎಂದರೆ, ನಿಮ್ಮ ಅಣ್ಣ ಮಂಡಿಯಲ್ಲಿದ್ದರು ಅಂದಿರಲ್ಲ, ಅಲ್ಲಿಯದೇ ಉದಾಹರಣೆ ಕೊಡುತ್ತೇನೆ. ಲಿವರಿನ ಜೀವಕೋಶದಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಯಾಗಿ ಕೂತಿರುತ್ತದೆ, ಗೋಡೌನಿನಲ್ಲಿ ಮೂಟೆ ಇದ್ದ ಹಾಗೆ. ಅದನ್ನು ಹೊತ್ತು ಹೊರಹಾಕುವ ಹಮಾಲರು ಬೇಕು. ಬದಲಾದ ಈ ಪ್ರೋಟೀನು ತಾನೂ ಮೂಟೆ ಎತ್ತುವುದಿಲ್ಲ, ಬಾಗಿಲಿಗೆ ಅಡ್ಡ ಕೂತು ಬೇರೆ ಹಮಾಲರನ್ನೂ ಒಳಗೆ ಬಿಡುವುದಿಲ್ಲ. ಹಳೆಯದಾದ ಮೇಲೂ ಎದ್ದು ಹೋಗುವುದಿಲ್ಲ. ಕೊಬ್ಬು ಹಾಗೇ ಉಳಿಯುತ್ತದೆ. ಮೇಲಿಂದ ದಿನಾ ಮದ್ಯ ಸುರಿದರೆ ಲಿವರ್ ಉರಿಯುತ್ತದೆ, ಗಾಯವಾಗುತ್ತದೆ, ಗಾಯ ಗಂಟಾಗುತ್ತದೆ. ಇಂಥ ಜಿ ಒಂದು ಪ್ರತಿ ಇದ್ದರೆ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರಿನ ಅಪಾಯ ಸುಮಾರು ಎರಡು ಪಟ್ಟು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದು ಎರಡೂ ಜಿ ಆದರೆ ಇನ್ನೂ ಜಾಸ್ತಿ. ನಮ್ಮ ದೇಶದಲ್ಲೂ ಇದು ಅಪರೂಪ ಏನಲ್ಲ.

ಇನ್ನೂ ಕೆಲವಿವೆ. 19ನೇ ಕ್ರೋಮೋಸೋಮಿನ ಟಿಎಂ6ಎಸ್‌ಎಫ್2. ಅದರ ಒಂದು ಬದಲಾವಣೆ ಇದ್ದರೆ ಲಿವರ್ ತನ್ನ ಕೊಬ್ಬನ್ನು ರಕ್ತಕ್ಕೆ ಕಳಿಸುವುದು ಕಡಿಮೆ. ಹಾಗಾಗಿ ರಕ್ತದ ಕೊಲೆಸ್ಟರಾಲ್ ಚೆನ್ನಾಗೇ ಕಾಣುತ್ತದೆ, ಲಿವರ್ ಮಾತ್ರ ಹಾಳಾಗುತ್ತಿರುತ್ತದೆ. ಎಚ್‌ಎಸ್‌ಡಿ17ಬಿ13 ಎಂಬುದು ಇದಕ್ಕೆ ಉಲ್ಟಾ. ಅದರಲ್ಲಿ ಒಂದು ಬಗೆಯ ಬದಲಾವಣೆ ಇರುವವರಿಗೆ ಲಿವರ್ ಹಾನಿ ಕಡಿಮೆ ಎಂದು 2018ರಲ್ಲಿ ಗೊತ್ತಾಯಿತು. 2022ರಲ್ಲಿ ಯುರೋಪಿನ ರೋಗಿಗಳಲ್ಲಿ ನಡೆದ ದೊಡ್ಡ ಅಧ್ಯಯನ ಕುಡಿತದ ಲಿವರ್ ಕ್ಯಾನ್ಸರನ್ನೇ ಹಿಡಿದು ನೋಡಿತು. ಡಬ್ಲ್ಯುಎನ್‌ಟಿ3ಎ, ಡಬ್ಲ್ಯುಎನ್‌ಟಿ9ಎ ಎಂಬ ಜೀನುಗಳ ಜಾಗದಲ್ಲಿ ಅಪಾಯ ಕಡಿಮೆ ಮಾಡುವ ಒಂದು ಬದಲಾವಣೆ ಅಲ್ಲಿ ಸಿಕ್ಕಿತು. ನಿಮ್ಮ ಮಾವನಿಗೆ ಇಂಥವು ಯಾವುದಾದರೂ ಇರಬಹುದು. ಆದರೆ ಅವು ತಮ್ಮನಿಗೂ ಬಂದಿವೆ ಎನ್ನಲು ಆಗುವುದಿಲ್ಲ. ಸೋದರಮಾವನಿಗಿಂತ ಒಡಹುಟ್ಟಿದ ಅಣ್ಣನ ಜೀನುಗಳೇ ತಮ್ಮನಿಗೆ ಹತ್ತಿರ. ಸರಾಸರಿ ಅರ್ಧ ಪಾಲು ಒಂದೇ ಇರುತ್ತದೆ. ಮಾವನದ್ದು ಕಾಲು ಪಾಲು.

ಪರೀಕ್ಷೆ ಮಾಡಿಸಬೇಕಾ ಎಂಬುದಕ್ಕೆ ನಾಳೆ ಬರೆಯುತ್ತೇನೆ. ಡ್ಯೂಟಿಗೆ ಹೊತ್ತಾಯಿತು. ಅಣ್ಣನ ಹಳೇ ರಿಪೋರ್ಟ್ ಇದ್ದರೆ ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಎಷ್ಟಿದ್ದವು ಅಂತ ಹಾಕಿ. ಸ್ಕ್ಯಾನ್‌ನಲ್ಲಿ ಏನು ಬರೆದಿದ್ದರು ಎಂಬುದನ್ನೂ.

ಜೋಳದ ಹೊಲ, ಜಗಳೂರು

ಅಕ್ಕಾ, ಒಂದು ಅನುಮಾನ. ಬೂಸ್ಟು (ಶಿಲೀಂಧ್ರ) ಹಿಡಿದ ಮೆಕ್ಕೆಜೋಳ, ಶೇಂಗಾ ತಿಂದರೂ ಲಿವರ್ ಕ್ಯಾನ್ಸರ್ ಬರುತ್ತದೆ ಎಂದು ಕೃಷಿ ತರಬೇತಿಯಲ್ಲಿ ಹೇಳಿದ್ದರು. ಅದೂ ಜೀನಿಗೆ ಸಂಬಂಧಿಸಿದ್ದಾ? ನಮ್ಮ ಕಡೆ ಕಟಾವಿನ ಹೊತ್ತಿಗೇ ಮಳೆ ಹಿಡಿದರೆ ತೆನೆ ಕಪ್ಪಾಗುತ್ತದೆ. ಮಾರಲಾಗದ್ದನ್ನು ಮನೆಗೂ ದನಕ್ಕೂ ಹಾಕುವವರಿದ್ದಾರೆ.

ನಡುವಿನವನು, ದಾವಣಗೆರೆ

ಅಕ್ಕ, ಅತ್ತಿಗೆ ಎಲ್ಲ ರಿಪೋರ್ಟನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. ಇವತ್ತು ಹೋಗಿ ನೋಡಿದೆ. ಕಾಮಣಿ ಆದಾಗಿನದು: ವಯಸ್ಸು 52. ಎಎಸ್‌ಟಿ 110. ಎಎಲ್‌ಟಿ 49. ಪ್ಲೇಟ್‌ಲೆಟ್ 1 ಲಕ್ಷ 4 ಸಾವಿರ. ಸ್ಕ್ಯಾನ್ ಕಾಗದದಲ್ಲಿ ‘ಲಿವರ್ ಕೋರ್ಸ್ ಎಕೋಟೆಕ್ಸ್ಚರ್’ ಎಂದಿದೆ. ಇದಕ್ಕೆ ಏನು ಅರ್ಥ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಲ್ಯಾಬ್ ಅಕ್ಕ, ಚಿತ್ರದುರ್ಗ

ಇದನ್ನು ಹೇಗೆ ಬರೆಯಲಿ ಎಂದು ಬಹಳ ಹೊತ್ತು ಯೋಚಿಸಿದೆ. ನೀವು ಕೇಳಿದ್ದೀರಿ, ಹೇಳಲೇಬೇಕು.

ಕೋರ್ಸ್ ಎಂದರೆ ಲಿವರ್ ಒರಟಾಗಿದೆ ಎಂದು. ನುಣ್ಣಗೆ ಕಾಣಬೇಕಾದದ್ದು ತರಿತರಿಯಾಗಿ ಕಂಡಿದೆ. ಜೊತೆಗೆ ಒಂದು ಸರಳ ಲೆಕ್ಕ ಇದೆ, ಫಿಬ್-4 ಎನ್ನುತ್ತಾರೆ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ನಿಮ್ಮ ಅಣ್ಣನದು 52 ಗುಣಿಸು 110, ಅಂದರೆ 5720. ಕೆಳಗೆ 104 ಗುಣಿಸು 7, ಅಂದರೆ 728. ಭಾಗಿಸಿದರೆ 7.86. ಇದು 1.3ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 2.67 ದಾಟಿದರೆ ಲಿವರ್ ಗಟ್ಟಿಯಾಗಿದೆಯಾ ಎಂದು ಮುಂದೆ ನೋಡಲೇಬೇಕು. ತೀವ್ರ ಕಾಮಾಲೆ ಇದ್ದಾಗ ಎಎಸ್‌ಟಿ ಏರಿ ಲೆಕ್ಕ ಸ್ವಲ್ಪ ಹೆಚ್ಚು ತೋರಿಸಬಹುದು, ನಿಜ. ಆದರೆ ಪ್ಲೇಟ್‌ಲೆಟ್ ಅಷ್ಟು ಇಳಿದು, ಲಿವರ್ ಒರಟಾಗಿ ಕಂಡ ಮೇಲೆ ಅನುಮಾನಕ್ಕೆ ಜಾಗ ಕಡಿಮೆ. ಎಎಸ್‌ಟಿ ಎಎಲ್‌ಟಿಗಿಂತ ಎರಡು ಪಟ್ಟು ಇರುವುದೂ ಕುಡಿತದ ಲಿವರಿನ ಗುರುತು.

ಅವತ್ತೇ ‘ಆರು ತಿಂಗಳಿಗೊಮ್ಮೆ ಸ್ಕ್ಯಾನ್‌ಗೆ ಬನ್ನಿ’ ಎಂದು ಯಾರಾದರೂ ಹೇಳಬೇಕಿತ್ತು. ನೀವು ತಪ್ಪು ಮಾಡಿಲ್ಲ. ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಕವರಿನಲ್ಲೇ ಉಳಿಯಿತು. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ನಾನು ಲ್ಯಾಬಿನಲ್ಲಿದ್ದೂ.

ಇದಕ್ಕೇ ಜೀನ್ ಪರೀಕ್ಷೆಯ ಬಗ್ಗೆ ನನ್ನ ಮಾತು ಹೀಗಿದೆ. ಜೀನ್ ಹೇಳುವುದು ಅಪಾಯದ ಪ್ರಮಾಣ ಮಾತ್ರ. ಬರುತ್ತದೆ, ಬರುವುದಿಲ್ಲ ಎಂದು ಅದು ಹೇಳುವುದಿಲ್ಲ. ತಮ್ಮನಿಗೆ ಕೆಟ್ಟ ಜೀನ್ ಇದೆ ಎಂದು ಬಂತು ಅಂದುಕೊಳ್ಳಿ. ಏನು ಮಾಡುತ್ತೀರಿ? ಕುಡಿತ ಬಿಡಿಸಬೇಕು, ಲಿವರ್ ಎಷ್ಟು ಗಟ್ಟಿಯಾಗಿದೆ ನೋಡಬೇಕು, ಗಟ್ಟಿಯಾಗಿದ್ದರೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಒಳ್ಳೆಯ ಜೀನ್ ಎಂದು ಬಂದರೆ? ಅದೇ ಮೂರು ಕೆಲಸ. ಒಂದೂ ಬದಲಾಗುವುದಿಲ್ಲ. ಹೆದರಿಕೆ ಇರುವುದು ಒಳ್ಳೆಯ ಜೀನ್ ಎಂದು ಬಂದರೇ. ಈಗ ಮಾವನನ್ನು ತೋರಿಸುತ್ತಿರುವವನು ನಾಳೆ ರಿಪೋರ್ಟ್ ತೋರಿಸುತ್ತಾನೆ. ಲಿವರ್ ಡಾಕ್ಟರುಗಳು ದಿನನಿತ್ಯದ ಚಿಕಿತ್ಸೆಯಲ್ಲಿ ಈ ಜೀನ್ ಪರೀಕ್ಷೆ ಬರೆದುಕೊಡುವ ಪದ್ಧತಿ ಇನ್ನೂ ಇಲ್ಲ. ಹಲವು ಜೀನುಗಳನ್ನು ಕೂಡಿಸಿ ಅಂಕ ಹಾಕುವ ಕೆಲಸ ನಡೆದಿದೆ. ಮುಂದೆ ಸಿರೋಸಿಸ್ ಇರುವವರಲ್ಲಿ ಯಾರಿಗೆ ಎಂಆರ್‌ಐ ಬೇಕು, ಯಾರಿಗೆ ಬರೀ ಅಲ್ಟ್ರಾಸೌಂಡ್ ಸಾಕು ಎಂದು ಆರಿಸಲು ಅದು ಬರಬಹುದು. ಆ ದಿನ ಬರಲಿ ಎಂದು ನಾನೂ ಕಾಯುತ್ತಿದ್ದೇನೆ. ಆದರೆ ಈ ಅಧ್ಯಯನಗಳಲ್ಲಿ ಹೆಚ್ಚಿನವು ಯುರೋಪಿನ ಜನರ ಮೇಲೆ ಆಗಿವೆ. ನಮ್ಮ ಜನರಲ್ಲಿ ಅದೇ ಅಂಕ ಅಷ್ಟೇ ಸರಿಯಾಗಿ ಕೂರುತ್ತದೆ ಎನ್ನಲಾಗುವುದಿಲ್ಲ.

ಆ ಸಾವಿರಾರು ರೂಪಾಯಿ ಇಟ್ಟುಕೊಳ್ಳಿ. ತಮ್ಮನನ್ನು ಕರೆದುಕೊಂಡು ಹೋಗಿ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ.

ಜಗಳೂರಿನ ಅಣ್ಣಾ, ನಿಮ್ಮ ಪ್ರಶ್ನೆ ಬಹಳ ಒಳ್ಳೆಯದು. ಬೂಸ್ಟಿನಲ್ಲಿರುವ ವಿಷದ ಹೆಸರು ಅಫ್ಲಾಟಾಕ್ಸಿನ್. ಇಲ್ಲಿ ಜೀನಿನ ಮಾತು ಬೇರೆ ಥರ. ಮೇಲೆ ಹೇಳಿದ್ದು ಹುಟ್ಟುವಾಗಲೇ ಬಂದ ಜೀನುಗಳು. ಮೈಯ ಎಲ್ಲ ಜೀವಕೋಶದಲ್ಲೂ ಇರುತ್ತವೆ. ಇದು ಆಮೇಲೆ ಗಡ್ಡೆಯ ಒಳಗೆ ಮಾತ್ರ ಆಗುವ ಬದಲಾವಣೆ. ನಮ್ಮ ಜೀವಕೋಶ ಅಡ್ಡಾದಿಡ್ಡಿ ಬೆಳೆಯದಂತೆ ಕಾಯುವ ಟಿಪಿ53 ಎಂಬ ಜೀನ್ ಇದೆ. ಅಫ್ಲಾಟಾಕ್ಸಿನ್ ಅದರ 249ನೇ ಜಾಗದಲ್ಲೇ ಹೊಡೆಯುತ್ತದೆ. 1991ರಲ್ಲಿ ಚೀನಾ ಮತ್ತು ಆಫ್ರಿಕಾದ ರೋಗಿಗಳ ಗಡ್ಡೆಗಳಲ್ಲಿ ಇದು ಸಿಕ್ಕಿತು. ಕಳ್ಳ ಬಿಟ್ಟುಹೋದ ಬೆರಳಚ್ಚಿನ ಹಾಗೆ. ಮದ್ಯದಿಂದ ಬಂದ ಗಡ್ಡೆಗಳಲ್ಲಿ ಸಿಟಿಎನ್‌ಎನ್‌ಬಿ1 ಎಂಬ ಇನ್ನೊಂದು ಜೀನಿನ ಬದಲಾವಣೆ ಹೆಚ್ಚಾಗಿ ಕಾಣುತ್ತದೆ. ಗಡ್ಡೆಯಿಂದ ರಕ್ತಕ್ಕೆ ಉದುರುವ ಡಿಎನ್‌ಎ ಚೂರುಗಳಲ್ಲಿ ಇಂಥ ಗುರುತು ಹುಡುಕಿ, ಲಿವರಿಗೆ ಸೂಜಿ ಚುಚ್ಚದೆ ಕ್ಯಾನ್ಸರ್ ಬೇಗ ಹಿಡಿಯಬಹುದಾ ಎಂದು ನೋಡುತ್ತಿದ್ದಾರೆ.

ಬೂಸ್ಟು ಹಿಡಿದದ್ದನ್ನು ದಯವಿಟ್ಟು ಮನೆಗೆ ಬಳಸಬೇಡಿ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಇಂಥ ಮೆಕ್ಕೆಜೋಳ ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಬೇಯಿಸಿದರೂ ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ದನಕ್ಕೆ ಹಾಕಿದರೆ ಹಾಲಿಗೂ ಬರುತ್ತದೆ. ಮೈಯಲ್ಲಿ ಹೆಪಟೈಟಿಸ್ ಬಿ ಇದ್ದವರಿಗೆ ಇದರ ಹೊಡೆತ ಬಹಳ ಜಾಸ್ತಿ. ತಮ್ಮನಿಗೂ ಹೆಪಟೈಟಿಸ್ ಬಿ, ಸಿ ಎರಡನ್ನೂ ಒಮ್ಮೆ ನೋಡಿಸಿ. ದುಬಾರಿ ಪರೀಕ್ಷೆಗಳಲ್ಲ.

ಮಿಲ್ ಕ್ವಾರ್ಟರ್ಸ್, ದಾವಣಗೆರೆ

ನಮ್ಮ ತಾಯಿ ಕಡೆಯವರು ಕಾಮಣಿಗೆ ನೆಲನೆಲ್ಲಿ ಕೊಡುತ್ತಿದ್ದರು. ಎಷ್ಟೋ ಜನ ವಾಸಿಯಾಗಿದ್ದಾರೆ, ನಾನೇ ನೋಡಿದ್ದೇನೆ. ಅದನ್ನೂ ಕೊಟ್ಟು ನೋಡಬಹುದಲ್ವಾ?

ರಾತ್ರಿ ಪಾಳಿ ಡಾಕ್ಟರ್, ದಾವಣಗೆರೆ

ಮಿಲ್ ಕ್ವಾರ್ಟರ್ಸ್ ಅವರೇ, ನಿಮ್ಮ ತಾಯಿಯವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರುತ್ತಾರೆ. ಆದರೆ ಕಾಮಾಲೆ ಎಂಬುದು ಒಂದು ಕಾಯಿಲೆಯಲ್ಲ, ಲಕ್ಷಣ. ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಮಕ್ಕಳಲ್ಲಿ, ಹುಡುಗರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಆ ಹೊತ್ತಿಗೆ ಯಾವ ಸೊಪ್ಪು ಕೊಟ್ಟಿರುತ್ತೇವೋ ಅದಕ್ಕೆ ಹೆಸರು. ಗಟ್ಟಿಯಾದ ಲಿವರಿನ ಕಾಮಾಲೆ ಹಾಗಲ್ಲ. ಕಣ್ಣು ಬೆಳ್ಳಗಾದರೂ ಒಳಗೆ ಕಾಯಿಲೆ ಹಾಗೇ ಇರುತ್ತದೆ. ಇವರ ಅಣ್ಣನಿಗೆ ಆದದ್ದು ಅದೇ. ಇನ್ನು ಸೊಪ್ಪು ಎಂದಮಾತ್ರಕ್ಕೆ ಲಿವರಿಗೆ ಕ್ಷೇಮ ಅಂತಲೂ ಅಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಜಾಸ್ತಿ ಕುಡಿದು ಲಿವರ್ ಊದಿಸಿಕೊಂಡವರ ವರದಿಗಳು ಮುಂಬಯಿಯಿಂದ ಬಂದವು.

ನಡುವಿನವರೇ, ನಾನು ಬರೆಯಲು ಬಂದದ್ದು ಬೇರೆ ಒಂದು ಎಚ್ಚರಿಕೆಗೆ. ನಾಳೆಯೇ ತಮ್ಮನ ಕೈಯಿಂದ ಬಾಟಲಿ ಕಿತ್ತುಕೊಂಡು ಕೋಣೆಯಲ್ಲಿ ಕೂರಿಸಬೇಡಿ. ದಿನಾ ಕ್ವಾರ್ಟರ್ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಒಂದೆರಡು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದನ್ನು ಕಾಣುವುದು, ಇರುವೆ ಹರಿದಂತೆ ಅನ್ನಿಸುವುದು, ಗಲಿಬಿಲಿ. ಇದರಲ್ಲೇ ಜೀವ ಹೋದವರಿದ್ದಾರೆ. ನಾನು ರಾತ್ರಿ ಪಾಳಿಯಲ್ಲಿ ನೋಡುವ ಇಂಥ ರೋಗಿಗಳಲ್ಲಿ ಎಷ್ಟೋ ಜನ ಮಾಲೆ ಹಾಕಿಕೊಂಡೋ, ಹೆಂಡತಿಗೆ ಆಣೆ ಮಾಡಿಯೋ ಗಟ್ಟಿ ಮನಸ್ಸಿನಿಂದ ಬಿಟ್ಟವರು. ಅವರ ಮನಸ್ಸು ಸರಿಯಾಗಿತ್ತು, ಔಷಧಿ ಜೊತೆಗಿರಲಿಲ್ಲ. ಮೊದಲು ಮನೋವೈದ್ಯರನ್ನು ಕಾಣಿ. ಐದಾರು ದಿನ ಮಾತ್ರೆ, ಬಿ1 ವಿಟಮಿನ್ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ಮಾತಾಡಲು ಯಾರೂ ಸಿಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446.

ಇನ್ನು ಎಎಫ್‌ಪಿ ಎಂಬ ರಕ್ತ ಪರೀಕ್ಷೆಯ ಬಗ್ಗೆ. ‘ಕ್ಯಾನ್ಸರ್ ಟೆಸ್ಟ್ ನಾರ್ಮಲ್ ಬಂತು’ ಎಂದು ಎಷ್ಟೋ ಜನ ಸ್ಕ್ಯಾನ್ ಬಿಟ್ಟುಬಿಡುತ್ತಾರೆ. ಲಿವರ್ ಕ್ಯಾನ್ಸರ್ ಇದ್ದವರಲ್ಲೂ ಮೂರರಲ್ಲಿ ಒಬ್ಬರಿಗಾದರೂ ಎಎಫ್‌ಪಿ ಏರಿರುವುದಿಲ್ಲ. ಗಡ್ಡೆ ಚಿಕ್ಕದಿದ್ದಾಗ ಇನ್ನೂ ಹೆಚ್ಚು ಜನರಿಗೆ ಏರಿರುವುದಿಲ್ಲ. ಪಿವ್ಕಾ ಎಂಬ ಇನ್ನೊಂದಿದೆ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಅದು ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಹಾಗಾಗಿ ಅಲ್ಟ್ರಾಸೌಂಡ್ ಬೇಕೇ ಬೇಕು, ಎಎಫ್‌ಪಿ ಅದರ ಜೊತೆಗೆ. ಒಂದೇ ಗಡ್ಡೆ 5 ಸೆಂಟಿಮೀಟರ್ ಒಳಗೆ, ಅಥವಾ ಮೂರರವರೆಗೆ ಗಡ್ಡೆ ಇದ್ದು ಪ್ರತಿಯೊಂದೂ 3 ಸೆಂಟಿಮೀಟರ್ ಒಳಗೆ ಇದ್ದಾಗ ಸಿಕ್ಕರೆ ಲಿವರ್ ಕಸಿಯವರೆಗೂ ದಾರಿ ಇದೆ. 1996ರಲ್ಲಿ ಇಟಲಿಯ ಮಿಲಾನಿನಲ್ಲಿ ಹಾಕಿದ ಅಳತೆ ಇದು, ಇವತ್ತಿಗೂ ಬಳಕೆಯಲ್ಲಿದೆ. ತೀರಾ ಚಿಕ್ಕದಿದ್ದರೆ ಸೂಜಿ ಹಾಕಿ ಸುಟ್ಟುಬಿಡಬಹುದು. ಲಿವರಿನ ಒಳಗೆ ನೋವಿನ ನರಗಳಿಲ್ಲ. ನೋವು ಬಂದ ಮೇಲೆ ನೋಡೋಣ ಎಂದರೆ ಆಗಲೇ ತಡವಾಗಿರುತ್ತದೆ.

ಕೆರೆ ಏರಿ, ದಾವಣಗೆರೆ

ಡಾಕ್ಟರೇ, ನಮ್ಮ ಹುಡುಗರು ‘ನಾವು ಬರೀ ಬಿಯರ್, ಅದರಲ್ಲೇನಿದೆ’ ಅನ್ನುತ್ತಾರೆ. ಅದಕ್ಕೂ ಇದೆಲ್ಲ ಆಗುತ್ತಾ?

ಲ್ಯಾಬ್ ಅಕ್ಕ, ಚಿತ್ರದುರ್ಗ

ಲೆಕ್ಕ ಹಾಕಿ ನೋಡಿ. ವಿಸ್ಕಿಯಲ್ಲಿ 42.8 ಪರ್ಸೆಂಟ್ ಆಲ್ಕೋಹಾಲ್ ಎಂದು ಲೇಬಲ್ಲಿನಲ್ಲೇ ಇರುತ್ತದೆ. 90 ಎಂಎಲ್‌ನಲ್ಲಿ ಸುಮಾರು 30 ಗ್ರಾಂ. 8 ಪರ್ಸೆಂಟಿನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ ಸುಮಾರು 41 ಗ್ರಾಂ. ಒಂದು ಬಾಟಲಿ ಬಿಯರ್ ಒಂದು ನೈಂಟಿಗಿಂತ ಜಾಸ್ತಿ. ಲಿವರಿಗೆ ಬಣ್ಣ, ರುಚಿ ಗೊತ್ತಿಲ್ಲ, ಗ್ರಾಂ ಮಾತ್ರ ಗೊತ್ತು. ಅದು ಮದ್ಯವನ್ನು ಮೊದಲು ಅಸಿಟಾಲ್ಡಿಹೈಡ್ ಮಾಡುತ್ತದೆ. ಅದೇ ಹೋಗಿ ಡಿಎನ್‌ಎಗೆ ಅಂಟಿಕೊಂಡು ಕೆಡಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ತೋಟದ ಮನೆ, ಹೊಳಲ್ಕೆರೆ

ನಾನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ನಮ್ಮ ಯಜಮಾನರು ಕುಡಿತ ಬಿಟ್ಟು ನಾಲ್ಕು ವರ್ಷ ಆಯಿತು. ಒಂದು ಹನಿ ಮುಟ್ಟಿಲ್ಲ. ಸಿರೋಸಿಸ್ ಇದೆ ಎಂದಿದ್ದರು. ಈಗ ಚೆನ್ನಾಗಿದ್ದಾರೆ, ಅಡಿಕೆ ಕೊಯ್ಲಿಗೂ ನಿಲ್ಲುತ್ತಾರೆ. ಬಿಟ್ಟ ಮೇಲೂ ಸ್ಕ್ಯಾನ್ ಬೇಕಾ? ಇನ್ನೊಂದು, ಮಗಳಿಗೆ 19. ಅವಳಿಗೆ ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಿದೆ. ಹೆಣ್ಣುಮಗಳು, ಅವಳು ಅದನ್ನೆಲ್ಲ ಮುಟ್ಟುವವಳೇ ಅಲ್ಲ. ‘ಅಪ್ಪನ ಥರ ನಂಗೂ ಆಗುತ್ತಾ ಅಮ್ಮಾ’ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ರಾತ್ರಿ ಪಾಳಿ ಡಾಕ್ಟರ್, ದಾವಣಗೆರೆ

ಅಮ್ಮಾ, ಬರೆದದ್ದು ಒಳ್ಳೆಯದಾಯಿತು. ನಾಲ್ಕು ವರ್ಷ ಬಿಟ್ಟಿದ್ದಾರೆ ಎಂದರೆ ಅವರೂ ನೀವೂ ಎಷ್ಟು ಕಷ್ಟಪಟ್ಟಿದ್ದೀರಿ ಎಂದು ಗೊತ್ತಾಗುತ್ತದೆ. ಕುಡಿತ ಬಿಟ್ಟರೆ ಕ್ಯಾನ್ಸರಿನ ಅಪಾಯ ವರ್ಷ ವರ್ಷಕ್ಕೂ ಇಳಿಯುತ್ತದೆ, ಆದರೆ ಸಿರೋಸಿಸ್ ಇರುವವರೆಗೆ ಪೂರ್ತಿ ಹೋಗುವುದಿಲ್ಲ. ಸ್ಕ್ಯಾನ್ ಬೇಕು, ಆರು ತಿಂಗಳಿಗೊಮ್ಮೆ. ಬೀಡಿ, ಸಿಗರೇಟ್ ಇದ್ದರೆ ಅದನ್ನೂ ಬಿಡಿಸಿ. ಶುಗರ್ ಇದ್ದರೆ ಹಿಡಿತದಲ್ಲಿಡಿ, ಅದೂ ಅಪಾಯ ಹೆಚ್ಚಿಸುತ್ತದೆ. ಕಾಫಿ ಕುಡಿಯುವ ಅಭ್ಯಾಸ ಇದ್ದರೆ ತಡೆಯಬೇಡಿ. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಮಗಳಿಗೆ ಹೀಗೆ ಹೇಳಿ. ಅಕ್ಕ ಹೇಳಿದ ಪಿಎನ್‌ಪಿಎಲ್‌ಎ3 ಕುಡಿಯದವರಲ್ಲೂ ಲಿವರಿಗೆ ಕೊಬ್ಬು ಸೇರಿಸುತ್ತದೆ. ಅಪ್ಪನಿಂದ ಒಂದು ಪ್ರತಿ ಬಂದಿರಬಹುದು. ಆದರೆ 19ಕ್ಕೆ ಇರುವ ಕೊಬ್ಬು ಕರಗುವ ಕೊಬ್ಬು. ತೂಕ ಜಾಸ್ತಿ ಇದ್ದರೆ 100ಕ್ಕೆ 7ರಿಂದ 10ರಷ್ಟು ಇಳಿಸಿದರೂ ಲಿವರ್ ಬಹಳ ಸುಧಾರಿಸುತ್ತದೆ. ಬಾಟಲಿ ಜ್ಯೂಸ್, ಕೋಲಾ ಮೊದಲು ನಿಲ್ಲಿಸಲಿ. ದಿನಾ ನಡೆಯಲಿ. ಅಪ್ಪನ ಕಾಯಿಲೆ ಅವಳ ಹಣೆಯಲ್ಲಿ ಬರೆದಿಲ್ಲ.

ಮಿಲ್ ಕ್ವಾರ್ಟರ್ಸ್, ದಾವಣಗೆರೆ

ಇಷ್ಟೆಲ್ಲ ಓದಿದ ಮೇಲೆ ಒಂದು ಕೇಳುತ್ತೇನೆ. ಜೀನೇ ಕಾರಣ ಎಂದರೆ ಕುಡಿದವನ ತಪ್ಪು ಇಲ್ಲ ಎಂದಾಗುವುದಿಲ್ಲವಾ? ನಾಳೆ ಎಲ್ಲರೂ ಜೀನಿನ ಮೇಲೆ ಹಾಕುತ್ತಾರೆ.

ನಡುವಿನವನು, ದಾವಣಗೆರೆ

ಇದಕ್ಕೆ ನಾನೇ ಹೇಳುತ್ತೇನೆ. ಅಣ್ಣ ಕುಡಿದದ್ದು ಅಣ್ಣನೇ. ಯಾವ ಜೀನೂ ಬಂದು ಲೋಟಕ್ಕೆ ಸುರಿಯಲಿಲ್ಲ. ಆದರೆ ಅವನ ಜೊತೆ ಕುಡಿದವರು ಬಂದು ತಿಥಿ ಊಟ ಮಾಡಿ ಹೋದರು. ಅವರಿಗಿಂತ ಅಣ್ಣ ಕೆಟ್ಟವನಾಗಿರಲಿಲ್ಲ. ಅವನ ಲಿವರ್ ತಡೆಯಲಿಲ್ಲ, ಅಷ್ಟೇ. ಇಷ್ಟು ತಿಳಿದದ್ದು ಅತ್ತಿಗೆಗೆ ಬಹಳ ದೊಡ್ಡದು. ಲ್ಯಾಬ್ ಅಕ್ಕ ಬರೆದದ್ದನ್ನು ಓದಿ ಹೇಳಿದೆ. ಗೋಡೌನು, ಹಮಾಲರ ಮಾತು ಬಂದಾಗ ಅಳುತ್ತಲೇ ತಲೆಯಾಡಿಸಿದರು.

ನಡುವಿನವನು, ದಾವಣಗೆರೆ (ಐದು ವಾರದ ನಂತರ)

ಎಲ್ಲರಿಗೂ ವಿಷಯ ತಿಳಿಸಬೇಕು ಎಂದು ಬರೆಯುತ್ತಿದ್ದೇನೆ. ಜೀನ್ ಪರೀಕ್ಷೆ ಮಾಡಿಸಲಿಲ್ಲ.

ತಮ್ಮನನ್ನು ಒಪ್ಪಿಸಲು ಹದಿನೈದು ದಿನ ಬೇಕಾಯಿತು. ನನ್ನ ಮಾತಿಗೆ ಬಗ್ಗಲಿಲ್ಲ. ಕೊನೆಗೆ ಅತ್ತಿಗೆ ಆ ಪ್ಲಾಸ್ಟಿಕ್ ಕವರ್ ಹಿಡಿದು ಅವನ ಮನೆಗೆ ಹೋದರು. ಅಣ್ಣನ ಕಾಗದ ತೆಗೆದು ‘ಕೋರ್ಸ್’ ಎಂಬ ಪದದ ಮೇಲೆ ಬೆರಳಿಟ್ಟು, ‘ಇದು ನನಗೆ ಎರಡು ವರ್ಷ ಮೊದಲೇ ಗೊತ್ತಾಗಬೇಕಿತ್ತು ಕಣಪ್ಪ’ ಎಂದರಂತೆ. ಮರುದಿನ ಬೆಳಿಗ್ಗೆ ಅವನೇ ಫೋನ್ ಮಾಡಿದ.

ಅವನದು: ಎಎಸ್‌ಟಿ 88, ಎಎಲ್‌ಟಿ 64, ಪ್ಲೇಟ್‌ಲೆಟ್ 1 ಲಕ್ಷ 38 ಸಾವಿರ. ಅಕ್ಕ ಹೇಳಿದ ಲೆಕ್ಕ ನಾನೇ ಹಾಕಿದೆ. 46 ಗುಣಿಸು 88, 4048. ಕೆಳಗೆ 138 ಗುಣಿಸು 8, 1104. 3.67 ಬಂತು. ಕೈ ತಣ್ಣಗಾಯಿತು. ಫೈಬ್ರೋಸ್ಕ್ಯಾನ್‌ನಲ್ಲಿ 16 ಬಂದಿದೆ. ಸಿರೋಸಿಸ್ ಶುರುವಾಗಿದೆ ಎಂದು ಹೇಳಿದರು. ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆ ಇಲ್ಲ. ಎಎಫ್‌ಪಿ 6, ಏರಿಲ್ಲ. ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ.

ಡಾಕ್ಟರ್ ಹೇಳಿದಂತೆ ಆರು ದಿನ ಅಡ್ಮಿಟ್ ಮಾಡಿ ಕುಡಿತ ಬಿಡಿಸಿದರು. ಎರಡನೇ ರಾತ್ರಿ ಕೈ ಬಹಳ ನಡುಗಿತು. ನಾನು ಪಕ್ಕದಲ್ಲೇ ಇದ್ದೆ. ಮನೆಗೆ ಬಂದು ಇವತ್ತಿಗೆ ಒಂಬತ್ತು ದಿನ.

ಲ್ಯಾಬ್ ಅಕ್ಕ, ಚಿತ್ರದುರ್ಗ

ಓದಿ ಸಮಾಧಾನವಾಯಿತು ಅಣ್ಣಾ. ಮುಂದಿನ ಸ್ಕ್ಯಾನ್ ಯಾವಾಗ ಎಂದು ಈಗಲೇ ಬರೆದಿಟ್ಟುಕೊಳ್ಳಿ. ಚೆನ್ನಾಗಿದ್ದಾನಲ್ಲ ಎಂದು ಮರೆತುಹೋಗುವುದೇ ಹೆಚ್ಚು. ನಾನು ನಮ್ಮ ಕಡೆಯವರಿಗೆ ಹೇಳುವುದು ಹೀಗೆ: ಯುಗಾದಿಗೊಂದು, ನವರಾತ್ರಿಗೊಂದು. ಪಂಚಾಂಗದಲ್ಲಿ ನೋಡಿ, ಚೈತ್ರದ ಪಾಡ್ಯದಿಂದ ಆಶ್ವಯುಜದ ಪಾಡ್ಯಕ್ಕೆ ಸುಮಾರು ಆರು ತಿಂಗಳು.

ತೋಟದ ಮನೆ, ಹೊಳಲ್ಕೆರೆ

ನಾನೂ ಹಾಗೇ ಬರೆದಿಟ್ಟೆ ಅಕ್ಕ. ಯಜಮಾನರದು ಈ ನವರಾತ್ರಿಗೇ. ಮಗಳೂ ಜೊತೆಗೆ ಬರುತ್ತೇನೆ ಎಂದಿದ್ದಾಳೆ.

ನಡುವಿನವನು, ದಾವಣಗೆರೆ

ಅತ್ತಿಗೆ ಕ್ಯಾಲೆಂಡರಿನಲ್ಲಿ ಯುಗಾದಿ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ತಮ್ಮನ ಹೆಸರು ಬರೆದಿದ್ದಾರೆ. ಕವರಿಗೆ ಅವನ ರಿಪೋರ್ಟೂ ಸೇರಿತು. ಈ ಸಲ ಒಂದೊಂದು ಸಾಲಿನ ಕೆಳಗೂ ಅದರ ಅರ್ಥವನ್ನು ಕನ್ನಡದಲ್ಲಿ ಬರೆಸಿಕೊಂಡು ಬಂದಿದ್ದೇನೆ.